ಟೆಂಟಿನ ಇನ್ನೊಂದು ತುದಿ

"ಸಾರ್, ಟೆರೇಸ್ ಮೇಲೆ ಟೆಂಟ್ ಹಾಕ್ತಾ ಇದೀನಿ. ಒಬ್ಬನ ಕೈಲಿ ಆಗ್ತಿಲ್ಲ. ಒಂದು ಕಡೆ ಸ್ವಲ್ಪ ಹಿಡ್ಕೋತೀರಾ?"

ಮೂರನೇ ಮಹಡಿಯವರು ಭಾನುವಾರದ ಪೇಪರ್ ಮಡಿಚಿಟ್ಟು ಅವನ ಹಿಂದೆಯೇ ಹತ್ತಿ ಬಂದರು. ಒಂದನೇ ಮಹಡಿಗೆ ಹೊಸದಾಗಿ ಬಾಡಿಗೆಗೆ ಬಂದ ಈತನ ಜೊತೆ ಅವರು ಮಾತಾಡಿದ್ದು ಇದೇ ಮೊದಲು.

ಕಾಂಕ್ರೀಟಿನಲ್ಲಿ ಗೂಟ ಇಳಿಯುವುದಿಲ್ಲವಲ್ಲ, ಹಗ್ಗವನ್ನು ನೀರಿನ ಟ್ಯಾಂಕಿನ ಪೈಪಿಗೆ ಬಿಗಿದರು.

"ಎಲ್ಲಿಗೆ ಹೊರಟಿದೀರಿ?"

"ಇನ್ನೂ ಗೊತ್ತು ಮಾಡಿಲ್ಲ ಸಾರ್. ಹಾಕೋದು ಅಭ್ಯಾಸ ಆಗಲಿ ಅಂತ."

"ಇಬ್ಬರು ಮಲಗಬಹುದು ಇದ್ರಲ್ಲಿ. ಜೊತೆಗೆ ಯಾರು?"

"ಸದ್ಯಕ್ಕೆ ನಾನೊಬ್ಬನೇ."

ಅವರು ತಮ್ಮ ಕಾಲೇಜು ದಿನಗಳ ಚಾರಣದ ಕತೆ ಶುರು ಮಾಡಿದರು. ಆತ ಫ್ಲಾಸ್ಕಿನಿಂದ ಎರಡು ಲೋಟಕ್ಕೆ ಕಾಫಿ ಬಗ್ಗಿಸಿ, ಕಣ್ಣು ಮಿಟುಕಿಸದೆ ಕೇಳುತ್ತ ಕೂತ. ಅಷ್ಟರಲ್ಲಿ ಕೆಳಗಿನಿಂದ ಅವರ ಹೆಂಡತಿ ತಿಂಡಿಗೆ ಕೂಗಿದರು.

"ಗಟ್ಟಿಯಾಗಿ ನಿಂತಿದೆ ಬಿಡಿ. ಇನ್ನು ನಿಮಗೆ ಯಾರೂ ಬೇಕಾಗಿಲ್ಲ," ಎಂದು ಬೆನ್ನು ತಟ್ಟಿ ಹೊರಟುಹೋದರು.

ಅವರ ಮನೆಯ ಬಾಗಿಲು ಹಾಕಿಕೊಂಡ ಸದ್ದು ಕೇಳಿದ ಮೇಲೆ ಆತ ಹಗ್ಗ ಬಿಚ್ಚಿ ಟೆಂಟು ಕೆಡವಿದ. ಎರಡೂ ಲೋಟ ತೊಳೆದಿಟ್ಟು, ಎರಡನೇ ಮಹಡಿಗೆ ಇಳಿದು ಬೆಲ್ ಒತ್ತಿದ.

"ಸಾರ್, ಟೆರೇಸ್ ಮೇಲೆ ಟೆಂಟ್ ಹಾಕ್ತಾ ಇದೀನಿ. ಒಬ್ಬನ ಕೈಲಿ ಆಗ್ತಿಲ್ಲ."