ಪಡಸಾಲೆಯ ಪರದೆಯಲ್ಲಿ ಶಾಂಭವಿ

ಸತ್ತವರು ತಾವು ಹೆಚ್ಚು ಹೊತ್ತು ನೋಡಿದ್ದ ಪರದೆಗೆ ಬಂದು ನಿಲ್ಲುವುದು ಈಗ ಯಾರಿಗೂ ಹೊಸದಲ್ಲ. ಒಮ್ಮೆ ಪರದೆ ಆರಿಸಿದರೆ ಅವರು ಮರಳಿ ಬರುವುದಿಲ್ಲ, ಅಷ್ಟೇ. ಧಾರವಾಡದ ಒಂದು ಕಾಲೇಜಿನ ಪಡಸಾಲೆಯ ದೊಡ್ಡ ಪರದೆಗೆ ಶಾಂಭವಿ ಬಂದು ವಾರವಾಗಿತ್ತು. ವಿದ್ಯಾರ್ಥಿಗಳ ತಂತ್ರಜ್ಞಾನ ಬಳಗದ ವೆಬ್‌ಸೈಟ್ ಕಟ್ಟಿದವಳು ಅವಳೇ. ಆ ಪರದೆಯಲ್ಲಿ ಓಡುತ್ತಿದ್ದ ವಿಡಿಯೊಗಳೂ ಅವಳವೇ. ಬೈಕ್ ಅಪಘಾತದಲ್ಲಿ ತೀರಿಕೊಂಡಿದ್ದಳು.

ಇವತ್ತು ವಾರ್ಷಿಕೋತ್ಸವ. ಅತಿಥಿಗಳು ಬರುವ ಹೊತ್ತಿಗೆ ಪರದೆಯಲ್ಲಿ ಸ್ವಾಗತದ ವಿಡಿಯೊ ಓಡಬೇಕು. ಶಾಂಭವಿಯನ್ನು ಆರಿಸುವ ಕೆಲಸ ಬಳಗದ ಗೆಳತಿ ನಾಗವೇಣಿಯ ಪಾಲಿಗೆ ಬಂತು. "ಅವರವ್ವ ಬಂದು ನೋಡ್ಲಿ, ಆಮ್ಯಾಲೆ ಆರಸ್ತೀನಿ" ಎಂದು ಅವಳು ಹಟ ಹಿಡಿದಳು.

ತಾಯಿ ಈರವ್ವ ನವಲಗುಂದದಿಂದ ಬಸ್ಸಿನಲ್ಲಿ ಬಂದಳು. ಪರದೆಯೊಳಗೆ ಮಗಳು ತಲೆ ತಗ್ಗಿಸಿ ನಿಂತಿದ್ದಳು. ಪಕ್ಕದಲ್ಲಿ ಹುಡುಗರು ಅವಳತ್ತ ನೋಡದೆಯೇ ತೋರಣ ಕಟ್ಟುತ್ತಿದ್ದರು.

"ಹಗಲೂ ರಾತ್ರಿ ಹಿಂಗ ಬೆಳಕು ಹತ್ತೇ ಇರತೈತೇನವಾ ಇದರಾಗ?" ಎಂದಳು ಈರವ್ವ.

"ಹೌದ್ರೀ ಅವ್ವಾರ" ಎಂದಳು ನಾಗವೇಣಿ. "ನಮಗ ಆರಸಾಕ ಮನಸಾಗಿಲ್ಲ. ನೀವು ಬ್ಯಾಡ ಅಂದ್ರ ಇವತ್ತೂ ಆರಸೂದಿಲ್ಲ, ಯಾರು ಏನರ ಅನ್ಲಿ."

ಈರವ್ವ ಪರದೆಯ ಹತ್ತಿರಕ್ಕೆ ಹೋದಳು.

"ಆರಸವಾ. ಸಣ್ಣಾಕಿ ಇದ್ದಾಗಿಂದ ಅಕಿಗೆ ಬೆಳಕಿದ್ರ ನಿದ್ದಿ ಹತ್ತೂದಿಲ್ಲ."

ನಾಗವೇಣಿ ಸ್ವಿಚ್ಚಿಗೆ ಕೈಹಾಕಿದಳು. ಶಾಂಭವಿ ತಲೆಯೆತ್ತಿ ತಾಯಿಯನ್ನು ನೋಡಿ ಕಣ್ಣು ಮುಚ್ಚಿದಳು. ಪರದೆ ಕಪ್ಪಾಯಿತು. ಗಾಜು ಮಾತ್ರ ಇನ್ನೂ ಬೆಚ್ಚಗಿತ್ತು. ಅದು ತಣ್ಣಗಾಗುವವರೆಗೂ ಈರವ್ವ ಅದರ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದಳು.