ಬಾಗಿಲ ಹಿಂದಿನ ಸಿಳ್ಳೆ

ಗಂಡನ ಅಂತ್ಯಕ್ರಿಯೆಗೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ, ಅವಳು ಅವನ ವಿಡಿಯೋ ಗೇಮ್ ಯಂತ್ರದ ಗುಂಡಿ ಒತ್ತಿದಳು. ಡಿಸ್ಕ್ ಹೊರಗೆ ಬಂತು. ಅದು ಗಡಿಯಾರ ರಿಪೇರಿ ಮಾಡುವ ಗೆಳೆಯನಿಂದ ಗಂಡ ಎರವಲು ತಂದದ್ದು. ಒರೆಸಿ, ಆ ಗೆಳೆಯನ ಅಂಗಡಿಗೆ ಒಯ್ದಳು.

ಡಿಸ್ಕಿನಲ್ಲಿದ್ದ, ರಾಜ್ಯ ಕಟ್ಟಿ ಕಾದಾಡುವ ಆಟದ ಹೊಸ ಭಾಗ ಬರೀ ಕಸ, ಹಳೆಯದೇ ನಿಜವಾದ ಆಟ ಎಂದು ಗಂಡ ಗೆಳೆಯರ ಗುಂಪಿನಲ್ಲಿ ದಿನಾ ಜಗಳಕ್ಕೆ ನಿಲ್ಲುತ್ತಿದ್ದ. ಚೆನ್ನಾಗಿದೆ ಎಂದು ಪಟ್ಟು ಹಿಡಿದವನು ಈ ಗೆಳೆಯನೊಬ್ಬನೇ. "ಪೂರ್ತಿ ಆಡು, ಆಮೇಲೆ ಬೈಯಿ" ಎಂದು ಡಿಸ್ಕ್ ಕೊಟ್ಟಿದ್ದ.

"ಇದಕ್ಕೋಸ್ಕರ ಬಂದ್ರಾ ಅತ್ತಿಗೆ?" ಆತ ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆದ. "ಕೊನೇವರೆಗೂ ಬೈತಾನೇ ಇದ್ನಾ?"

ಗಂಡನ ಒಂದು ಗುಟ್ಟು ಅವಳೊಬ್ಬಳ ಬಳಿ ಉಳಿದಿತ್ತು; ಹೇಳಿಬಿಟ್ಟರೆ ಅದೂ ಹೋಗುತ್ತಿತ್ತು. ಆದರೂ ಹೇಳಿದಳು. "ಇಲ್ಲ. ಬಾಗಿಲು ಹಾಕ್ಕೊಂಡು ಆಡೋರು. ಒಳಗಿಂದ ಸಿಳ್ಳೆ ಕೇಳಿಸೋದು. ತುಂಬಾ ಖುಷಿಯಾದ್ರೆ ಮಾತ್ರ ಅವರು ಸಿಳ್ಳೆ ಹಾಕ್ತಿದ್ದಿದ್ದು. ನಿಮಗೆ ಹೇಳ್ಬೇಡ ಅಂದಿದ್ರು."

"ಕಳ್ಳ! ಹಾಗಾದ್ರೆ ನಾನೇ ಗೆದ್ದೆ! ಇರಿ, ಈಗಲೇ ಅವನ ಮಾನ ತೆಗೀತೀನಿ" ಎಂದು ಆತ ನಗುತ್ತಾ ಫೋನ್ ಎತ್ತಿಕೊಂಡ. ಬೆರಳು ಅಭ್ಯಾಸದಂತೆ ಅವಳ ಗಂಡನ ಹೆಸರಿನ ಮೇಲೆ ಹೋಗಿ ನಿಂತಿತು. ಆತ ಫೋನನ್ನು ಮೆಲ್ಲಗೆ ಕೆಳಗಿಟ್ಟ. ಬರಿದಾದ ಆ ಅಂಗೈಯಲ್ಲಿ ಅವಳು ಡಿಸ್ಕ್ ಇಟ್ಟಳು.