ಒಂದೂವರೆ ಪೌಂಡು

"ಇನ್ನೂ ಒಂದೂವರೆ ಪೌಂಡು ಹೆಚ್ಚಿದೆ ಕಣಪ್ಪ. ಹತ್ತು ಗಂಟೆಗೆ ತಕ್ಕಡಿ ಬಿಚ್ತೀವಿ," ಎಂದರು ತೂಕ ನೋಡುತ್ತಿದ್ದ ಮೇಷ್ಟ್ರು.

ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ತೂಗುವ ದೊಡ್ಡ ತಕ್ಕಡಿಯಿಂದ ಕಳವಾರದ ಮುನಿಗಂಗಪ್ಪ ಲಂಗೋಟಿಯಲ್ಲೇ ಕೆಳಗಿಳಿದ. ಹನ್ನೆರಡು ದಿನದಿಂದ ಬರೀ ರಾಗಿ ಅಂಬಲಿಯಲ್ಲಿ ಜೀವ ಹಿಡಿದಿದ್ದ. ನೂರನಲವತ್ತು ಪೌಂಡು ದಾಟಿದರೆ ಮೇಲಿನ ತೂಕದ ಜೋಡಿಗೆ ಹಾಕುತ್ತಾರೆ. ಆಗ ಸಾದಲಿಯ ಎರ್ರಪ್ಪನ ಮೇಲೆ ಕೈಹಾಕುವ ಹಾಗಿಲ್ಲ. ಹೋದ ವರ್ಷ ಇದೇ ಊರಿನ ಅಖಾಡದಲ್ಲಿ ಅವನು ಎರಡೇ ನಿಮಿಷಕ್ಕೆ ಮುನಿಗಂಗಪ್ಪನನ್ನು ಚಿತ್ ಮಾಡಿದ್ದ. ಬರುವ ತಿಂಗಳು ಎರ್ರಪ್ಪ ಸಿಪಾಯಿಯಾಗಿ ಪಟಾಲಮ್ಮಿಗೆ ಸೇರುತ್ತಾನಂತೆ. ಸೇಡು ತೀರುವುದಾದರೆ ಇವತ್ತೇ, ಸಂಜೆ ನಾಲ್ಕಕ್ಕೆ.

ಉಸ್ತಾದ್ ಪಾಪಯ್ಯ ಅವನಿಗೆ ಕಂಬಳಿ ಸುತ್ತಿ, ಬಾಯಿಗೆ ಹುಣಸೆಹಣ್ಣು ತುರುಕಿದರು. "ಮೇಲೂರು ದಾರೀಲಿ ಓಡು. ಬಾಯಲ್ಲಿ ಬರೋ ನೀರು ನುಂಗಬೇಡ, ಉಗೀತಾ ಇರು. ಬೆವರೋ, ಎಂಜಲೋ, ಒಟ್ನಲ್ಲಿ ಇಳೀಬೇಕು!"

ಓಡಿದ. ಬೆನ್ನಿಗೇ ಬರುತ್ತಿದ್ದ ಉಸ್ತಾದರ ಸೈಕಲ್ಲು ಏರಿನಲ್ಲಿ ಹಿಂದೆ ಬಿತ್ತು. ಎರಡು ಮೈಲಿ ಕಳೆಯುವಷ್ಟರಲ್ಲಿ ಗಾಳಿಯಲ್ಲಿ ಅವರೆಯ ಸೊಗಡು ತೇಲಿಬಂತು. ರಸ್ತೆ ಪಕ್ಕದ ಬದುವಿನ ಮೇಲೆ ರಾಗಿ ಕೊಯ್ಲಿನವರು ಬೆಳಗಿನ ಊಟಕ್ಕೆ ಕೂತಿದ್ದರು. ಬಡಿಸುತ್ತಿದ್ದ ಹೊಲದೊಡತಿ ಅಶ್ವತ್ಥಮ್ಮ ಅವನನ್ನು ಕಂಡು ಮರುಗಿದಳು.

"ಯಾರ ಮಗನೋ ಪಾಪ, ಚಳಿಜ್ವರ ಬಂದೋನ ಥರ ಕಂಬಳಿ ಹೊದ್ಕೊಂಡು ಓಡ್ತಾವ್ನೆ. ಬಾರಪ್ಪ, ಒಂದ್ ತುತ್ತು ತಿನ್ಕೊಂಡು ಹೋಗು."

ಎಲೆಯ ಮೇಲೆ ಹೊಗೆಯಾಡುವ ಮುದ್ದೆ, ಹಿತಕಿದ ಬೇಳೆ ಸಾರು, ಮೇಲೊಂದು ಚಮಚ ತುಪ್ಪ. ಮುನಿಗಂಗಪ್ಪನ ಕಾಲುಗಳು ತಾವಾಗಿ ನಿಂತವು. ಕುಸ್ತಿಗಿಷ್ಟು ಬೆಂಕಿ ಬೀಳಲಿ! ಹುಣಸೆಹಣ್ಣು ಉಗಿದು, ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ ಬಾಯಿಯ ಹತ್ತಿರ ತಂದ.

ಅಷ್ಟರಲ್ಲಿ ಮೇಲೂರಿನ ಕಡೆಯಿಂದ ದಪದಪ ಸದ್ದು. ಎರಡು ಕಂಬಳಿ ಸುತ್ತಿಕೊಂಡ ಆಳೊಬ್ಬ ಉಗುಳುತ್ತ ಓಡಿಬರುತ್ತಿದ್ದ. ಹತ್ತಿರ ಬಂದಾಗ ನೋಡಿದರೆ ಎರ್ರಪ್ಪ!

"ಏಮಿರಾ, ನಿನ್ಗೂ ಹೆಚ್ಚಾ?" ಎಂದು ಅವನು ಏದುಸಿರು ಬಿಟ್ಟ.

"ಒಂದೂವರೆ. ನಿನ್ಗೆ?"

"ಎರಡಿತ್ತು." ಎರ್ರಪ್ಪನ ಕಣ್ಣು ಮುದ್ದೆಯ ಮೇಲೆ ಬಿದ್ದು ಅಲ್ಲೇ ಅಂಟಿಕೊಂಡಿತು. "ನೀನು ತಿನ್ನೋದಾದ್ರೆ ತಿನ್ನು. ನಾನು ಹೊರಟೆ," ಎಂದವನೇ ಓಟ ಕಿತ್ತ.

"ಬೇಜಾರು ಮಾಡ್ಕೋಬೇಡಮ್ಮ," ಎಂದು ತುತ್ತನ್ನು ಎಲೆಗೇ ಇಳಿಸಿ ಮುನಿಗಂಗಪ್ಪ ಹಿಂದೆಯೇ ಹಾರಿದ. ಎದುರಿಗೆ ಬಂದ ಪಾಪಯ್ಯ ಸೈಕಲ್ಲು ತಿರುಗಿಸಿ, ಗಂಟೆ ಬಾರಿಸುತ್ತ ಬೆನ್ನುಹತ್ತಿದರು. ಒಬ್ಬ ಮಾರು ದೂರ ಮುಂದಾದರೆ ಇನ್ನೊಬ್ಬ ಹಲ್ಲುಕಚ್ಚಿ ಸರಿಸಮ ಬರುವನು. ಊರು ಹೊಕ್ಕಾಗ ಅಂಗಡಿಯವರೆಲ್ಲ ಬೀದಿಗಿಳಿದು ಕೇಕೆ ಹಾಕಿದರು.

ಹತ್ತಕ್ಕೆ ಐದು ನಿಮಿಷ. ಎರ್ರಪ್ಪ ತಕ್ಕಡಿಯಲ್ಲಿ ಕೂತ. ತೂಕದ ಅಡ್ಡಕೋಲು ಸಮ ನಿಂತಿತು. ಮುನಿಗಂಗಪ್ಪ ಕೂತ; ತಟ್ಟೆ ಬೆರಳಗಲ ಕೆಳಕ್ಕೆ ವಾಲಿತು.

"ಮೈ ಒರೆಸ್ಕೊಳ್ಳೋ, ಬೆವರಿಗೂ ತೂಕ ಇರ್ತದೆ!" ಪಾಪಯ್ಯ ಟವಲು ಎಸೆದರು. ಎದೆ, ಬೆನ್ನು, ಕಂಕುಳು ತಿಕ್ಕಿ ತಿಕ್ಕಿ ಒರೆಸಿಕೊಂಡು, ಟವಲನ್ನು ಹೊರಕ್ಕೆ ಬಿಸುಟು ಉಸಿರು ಬಿಗಿಹಿಡಿದ. ತಟ್ಟೆ ನಡುಗಿತು, ಮೇಲೆದ್ದಿತು, ನಿಂತಿತು.

"ನೂರನಲವತ್ತು!" ಎಂದರು ಮೇಷ್ಟ್ರು.

ಹತ್ತಿರದ ಹೋಟೆಲಿನಲ್ಲಿ ಖಾಲಿಯಿದ್ದದ್ದು ಒಂದೇ ಬೆಂಚು. ಎರಡು ಎಲೆ ಅಕ್ಕಪಕ್ಕ ಬಿದ್ದವು. ಬತ್ತಿದ ಹೊಟ್ಟೆಗೆ ಒಂದು ಮುದ್ದೆಯೇ ಭಾರವಾಗಿ ಮುನಿಗಂಗಪ್ಪ ಎಲೆಗೆ ಕೈ ಅಡ್ಡ ಹಿಡಿದ. ಎರ್ರಪ್ಪ ಆ ಕೈಯನ್ನು ಪಕ್ಕಕ್ಕೆ ಸರಿಸಿ, "ಇವನಿಗಿನ್ನೊಂದು ಹಾಕಣ್ಣ," ಎಂದ.

"ಬೇಡ ಕಣೋ."

"ತಿನ್ನೋ ಗಟ್ಟಿಯಾಗಿ. ಹಸಿದೋನ್ನ ಕೆಡವಿ ನಾನು ಏನಂತ ಹೇಳ್ಕೊಳ್ಲಿ?"